ಫೋಟೋದ ಮೂಲೆ ನೋಡುತ್ತಿದ್ದವರು

ಅವರ ರವಿಕೆಗೆ ಐದು ಗುಂಡಿಗಳಿದ್ದವು, ಐದೂ ಬಟ್ಟೆಯವು. ಹತ್ತಿಯ ಸಣ್ಣ ಉಂಡೆಯನ್ನು ರವಿಕೆಯದೇ ಬಟ್ಟೆಯಲ್ಲಿ ಸುತ್ತಿ, ನೂಲಿನಿಂದ ಬಿಗಿದು ಅವರೇ ಮಾಡಿಕೊಂಡವು. ಹುಕ್ಕು, ಪಿನ್ನು, ಬಳೆ, ಉಂಗುರ ಯಾವುದೂ ಅವರ ಮೈಮೇಲೆ ಇರಲಿಲ್ಲ. ಕಿವಿಯ ತೂತು ಮುಚ್ಚಿಹೋಗದಿರಲೆಂದು ತೆಂಗಿನ ಗರಿಯ ಕಡ್ಡಿಯ ತುಂಡನ್ನು ಸಿಕ್ಕಿಸಿಕೊಂಡಿದ್ದರು. ಮದುವೆ ಮನೆಗೆ ಹೋಗುವಾಗಲೂ ಅದೇ ಕಡ್ಡಿ. "ಎಲ್ಲ ತೆಗೀರಿ ಅಂತ ಊರಿಗೆಲ್ಲ ಹೇಳುವವಳು ಮೊದಲು ತಾನು ತೆಗೀಬೇಕಲ್ಲ?" ಎನ್ನುತ್ತಿದ್ದರು.

ಅವರು ಕಡಬದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು. ನಮ್ಮ ಕಡೆ ಎಕ್ಸ್‌ರೇಗೆ ಜನ ಫೋಟೋ ಎಂದೇ ಹೇಳುತ್ತಾರೆ. ಅವರನ್ನು ಮಾತ್ರ ಎಲ್ಲರೂ ಎಕ್ಸ್‌ರೇ ಅಕ್ಕ ಎನ್ನುತ್ತಿದ್ದರು. ನಾನೂ ಕೊನೆಯವರೆಗೆ ಹಾಗೆಯೇ ಕರೆದೆ.

ಆ ಕೋಣೆಯಲ್ಲಿ ಅವರದೇ ಒಂದು ಕ್ರಮವಿತ್ತು. ಹಳೆಯ ಸೀರೆಯ ತುಂಡುಗಳಲ್ಲಿ ಹೊಲಿದ ಪುಟ್ಟ ಚೀಲಗಳು ಗೋಡೆಯ ಮೊಳೆಗಳಲ್ಲಿ ಸಾಲಾಗಿ ನೇತಾಡುತ್ತಿದ್ದವು. ಬಂದವರು ತಮ್ಮ ಕರಿಮಣಿ, ಸರ, ಹೇರ್‌ಪಿನ್ನು, ತಾಯಿತ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಬೇಕು. ಚೀಲದ ಬಾಯಿ ಕಟ್ಟುವವರೆಗೆ ಅವರು ಯಂತ್ರದ ಹತ್ತಿರ ಹೋಗುತ್ತಿರಲಿಲ್ಲ. ಸೊಂಟದ ಫೋಟೋಕ್ಕೆ ಬಂದ ಒಬ್ಬ ಹಿರಿಯರು ಸೊಂಟಕ್ಕೆ ಕಟ್ಟಿದ್ದ ಬೆಳ್ಳಿಯ ನೇವಳ ಬಿಚ್ಚಲು ಒಪ್ಪದೆ ಹಟ ಹಿಡಿದಾಗ, "ಸೊಂಟನೋವು ನಿಮಗಾ, ನಿಮ್ಮ ನೇವಳಕ್ಕಾ ಮಾರಾಯ್ರೆ? ಯಾರಿಗೆ ಅಂತ ಹೇಳಿ, ಅದರದ್ದೇ ಫೋಟೋ ತೆಗೆಯುವ" ಎಂದಿದ್ದರಂತೆ. ಆ ಹಿರಿಯರು ನಗುತ್ತಲೇ ಬಿಚ್ಚಿಕೊಟ್ಟರಂತೆ.

ನಾನು ಅಲ್ಲಿಗೆ ಹೋದದ್ದು ಕಾಯಿಲೆಯೆಂದಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಎರಡು ವರ್ಷ ಅಲ್ಲಿ ಇಲ್ಲಿ ಪಾಠ ಮಾಡಿದ ಮೇಲೆ ಸುಳ್ಯದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. ಆರೋಗ್ಯ ಸರಿಯಿದೆ ಎಂಬ ಪ್ರಮಾಣಪತ್ರಕ್ಕೆ ಎದೆಯ ಫೋಟೋ ಬೇಕಿತ್ತು. ಗುರುವಾರ ಬೆಳಿಗ್ಗೆ ಪಂಜದಿಂದ ಬಸ್ಸು ಹಿಡಿದು ಕಡಬಕ್ಕೆ ಹೋದೆ.

ನನ್ನ ಕುತ್ತಿಗೆಯಲ್ಲಿ ಒಂದು ಉದ್ದನೆಯ ಕಪ್ಪು ನೂಲಿತ್ತು. ಚಿಕ್ಕಂದಿನಲ್ಲಿ ಜ್ವರ ಬಿಡದೆ ಇದ್ದಾಗ ಅಜ್ಜಿ ಮಂತ್ರಿಸಿ ತಂದು ಕಟ್ಟಿದ್ದು. ಅದರ ತುದಿಯಲ್ಲಿ ತಾಮ್ರದ ತೆಳು ಉಂಗುರ. ಅಂಗಿಯೊಳಗೆ ಪಕ್ಕೆಲುಬಿನ ಕೆಳಗಿನವರೆಗೂ ಇಳಿಯುತ್ತಿತ್ತು. ರಸಾಯನಶಾಸ್ತ್ರ ಓದಿದವಳು ಅದನ್ನು ಕಟ್ಟಿಕೊಂಡಿರುವುದು ಯಾರಿಗೂ ಕಾಣಬಾರದೆಂದು ಕಾಲೇಜು ದಿನಗಳಿಂದಲೇ ಜಾಗ್ರತೆ ವಹಿಸಿದ್ದೆ. ತೆಗೆಯುವ ಧೈರ್ಯವೂ ಇರಲಿಲ್ಲ.

"ಕುತ್ತಿಗೆಯಲ್ಲಿ ಎಂತ?" ಎಂದು ಅವರು ಕೇಳಿದರು.

"ಏನಿಲ್ಲ."

"ಏನಿಲ್ಲದ್ದನ್ನು ಯಾರಾದ್ರೂ ಕೈಯಲ್ಲಿ ಮುಚ್ಚಿ ಹಿಡೀತಾರಾ? ತೆಗಿ. ನಾನು ನಗುದಿಲ್ಲ."

ತೆಗೆದುಕೊಟ್ಟೆ. ಅವರು ನಗಲಿಲ್ಲ. ನೂಲನ್ನು ಮಡಚಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

ಸ್ವಲ್ಪ ಹೊತ್ತಿನಲ್ಲಿ ಡಾಕ್ಟರು ಕರೆದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಮೃದುವಾಗಿ ಮಾತಾಡುವವರು. ಹೊರಗೆ ಜನ ತುಂಬಿದ್ದರು. ಕಂಪ್ಯೂಟರಿನ ಪರದೆಯಲ್ಲಿ ನನ್ನ ಎದೆಯಿತ್ತು. ಎಡಗಡೆ, ತೀರ ಕೆಳಗಿನ ಮೂಲೆಯಲ್ಲಿ, ಒಂದು ಸಣ್ಣ ಬಿಳಿ ಸುತ್ತು.

"ಇಲ್ಲೊಂದು ಉಂಗುರ ಕಾಣ್ತಾ ಉಂಟು. ಎಂತಾದ್ರೂ ಹಾಕಿದ್ರಾ?"

"ಒಂದು ನೂಲು ಇತ್ತು. ಅದರಲ್ಲಿ ಉಂಗುರ" ಎಂದೆ.

"ಫೋಟೋ ತೆಗೆಯುವಾಗಲೂ ಇತ್ತಾ?"

ಆಗ ನನ್ನ ತಲೆಯಲ್ಲಿ ಓಡಿದ್ದು ನನಗೆ ಚೆನ್ನಾಗಿ ನೆನಪಿದೆ. ಇರಲಿಲ್ಲ ಎಂದರೆ ಇನ್ನೊಂದು ಫೋಟೋ, ಇನ್ನೊಂದು ಪರೀಕ್ಷೆ. ಸೋಮವಾರ ಕೈತಪ್ಪುತ್ತದೆ. ಒಂದು ವರ್ಷದಿಂದ ಎಡ ಪಕ್ಕೆಯಡಿ ಆಗಾಗ ಮಂದವಾಗಿ ನೋಯುತ್ತಿದ್ದುದನ್ನೂ ಹೇಳಬೇಕಾಗುತ್ತದೆ. ಅದನ್ನು ಗ್ಯಾಸ್ ಎಂದು ಅಮ್ಮನಿಗೆ ನಂಬಿಸಿದ್ದೆ, ನಾನೂ ನಂಬಿದ್ದೆ.

"ಇತ್ತೇನೋ" ಎಂದೆ.

ಡಾಕ್ಟರು ಅದನ್ನು ಬರೆದುಕೊಂಡು ಅಕ್ಕನನ್ನು ಕರೆಸಿದರು. "ನೂಲು ತೆಗೆಸದೆ ಫೋಟೋ ತೆಗ್ದಿದ್ದೀರಲ್ಲ?"

"ತೆಗೆಸಿದ್ದೇನೆ ಡಾಕ್ಟ್ರೇ."

"ಅವರೇ ಇತ್ತು ಅಂತಾರಲ್ಲ."

ಅಕ್ಕ ನನ್ನನ್ನು ನೋಡಿದರು. "ಹೌದಾ?" ಎಂದು ಕೇಳಿದರು. ನಾನು ಮೇಜಿನ ಮೇಲಿದ್ದ ಔಷಧಿ ಕಂಪನಿಯ ಕ್ಯಾಲೆಂಡರ್ ನೋಡುತ್ತಾ ಕುಳಿತೆ.

ಅವರು ಇನ್ನೊಮ್ಮೆ ಕೇಳಲಿಲ್ಲ. ಪರದೆಯ ಹತ್ತಿರ ಹೋಗಿ ಆ ಮೂಲೆಗೆ ಬೆರಳಿಟ್ಟರು. "ಲೋಹ ಆದ್ರೆ ಸುತ್ತ ಒಂದೇ ಹಾಗೆ ಬೆಳ್ಳಗೆ ಬರ್ತದೆ. ಇದು ಕೋಳಿಮೊಟ್ಟೆಯ ಸಿಪ್ಪೆಯ ಹಾಗೆ ಉಂಟು. ಇಲ್ಲಿ ನೋಡಿ, ತುಂಡಾಗಿದೆ. ಬದಿಯಿಂದ ಇನ್ನೊಂದು ತೆಗೀತೇನೆ, ಎರಡು ನಿಮಿಷದ ಕೆಲಸ."

"ಅಕ್ಕ, ಫೋಟೋ ತೆಗೆಯುದು ನಿಮ್ಮ ಕೆಲಸ. ಓದುದು ನನ್ನ ಕೆಲಸ."

"ಓದಿ ಅಂತಲೇ ನಾನೂ ಹೇಳುದು."

ಬಾಗಿಲಲ್ಲಿ ನಿಂತಿದ್ದ ಇಬ್ಬರು ರೋಗಿಗಳು ನಕ್ಕರು. ಡಾಕ್ಟರ ಮುಖ ಕೆಂಪಾಯಿತು. ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದೆ. ಪ್ರಮಾಣಪತ್ರಕ್ಕೆ ಸಹಿ ಬಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಓಡುವ ಹಾಗೆ ಹೊರಬಿದ್ದೆ. ಎಷ್ಟು ಅವಸರವೆಂದರೆ, ನನ್ನ ನೂಲು ಆ ಕೋಣೆಯ ಗೋಡೆಯಲ್ಲೇ ನೇತಾಡುತ್ತಿದೆ ಎಂಬುದು ಮನೆಗೆ ಬಂದು ಸ್ನಾನ ಮಾಡುವಾಗ ನೆನಪಾಯಿತು.

ಮರುದಿನ ಮಧ್ಯಾಹ್ನ ಅಕ್ಕ ಪಂಜಕ್ಕೆ ಬಂದರು. ಮನೆ ಹುಡುಕಿಕೊಂಡು, ಬಿಸಿಲಿನಲ್ಲಿ ಎರಡು ಮೈಲಿ ನಡೆದು. ಅಮ್ಮ ಬೆಲ್ಲ, ನೀರು ತಂದಿಟ್ಟರು. ಅವರು ನೀರು ಕುಡಿದು, ಚೀಲದಿಂದ ಕಪ್ಪು ನೂಲನ್ನು ತೆಗೆದು ಚಾಪೆಯ ಮೇಲಿಟ್ಟರು.

"ಇದು ಯಾರದ್ದು ಅಂತ ಗೊತ್ತುಂಟಾ ಅಮ್ಮ?"

"ಅಯ್ಯೋ, ಇದು ನಮ್ಮ ಅತ್ತೆ ಕಟ್ಟಿದ್ದಲ್ವಾ? ನಿಮ್ಮ ಕೈಗೆ ಹೇಗೆ ಬಂತು?"

"ನಿನ್ನೆ ನಿಮ್ಮ ಮಗಳೇ ಬಿಚ್ಚಿಕೊಟ್ಟದ್ದು. ಅವಳು ಯಂತ್ರದ ಎದುರು ನಿಲ್ಲುವ ಮೊದಲೇ ನನ್ನ ಚೀಲ ಸೇರಿದೆ, ಮತ್ತೆ ಹೊರಗೆ ಬರ್ಲಿಲ್ಲ." ನಂತರ ನನ್ನ ಕಡೆ ತಿರುಗಿದರು. "ಹಾಗಾದ್ರೆ ಫೋಟೋದಲ್ಲಿ ಇರುದು ಯಾರ ಉಂಗುರ?"

ಆಗಲೂ ನಾನು ಸೋಲಲು ಸಿದ್ಧಳಾಗಿರಲಿಲ್ಲ. "ಡಾಕ್ಟರು ನೋಡಿದ್ದಾರಲ್ಲ" ಎಂದೆ.

"ಡಾಕ್ಟ್ರು ನಿನ್ನ ಮಾತು ಕೇಳಿದ್ರು ಮಾರಾಯ್ತಿ. ಫೋಟೋ ನೋಡ್ಲಿಲ್ಲ. ಎಡಗಡೆ ನೋವುಂಟಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು: "ಅದು ಗ್ಯಾಸ್. ಜೀರಿಗೆ ಕಷಾಯ ಕುಡಿದ್ರೆ ಕಡಿಮೆ ಆಗ್ತದೆ."

"ಗ್ಯಾಸು ಫೋಟೋದಲ್ಲಿ ಕಪ್ಪಗೆ ಬರುದಮ್ಮ, ಬೆಳ್ಳಗೆ ಅಲ್ಲ. ಅದಕ್ಕೆ ಸುಣ್ಣದ ಸುತ್ತೂ ಇರುದಿಲ್ಲ."

ಫೋಟೋದ ಪ್ರತಿಯನ್ನು ಅವರು ಯಾರ ಅನುಮತಿಯನ್ನೂ ಕೇಳದೆ ಸಿ.ಡಿ.ಗೆ ಹಾಕಿ ತಂದಿದ್ದರು. ನಾಳೆ ಪುತ್ತೂರಿಗೆ ಹೋಗುವುದು, ಸಿ.ಟಿ. ಸ್ಕ್ಯಾನ್ ಮಾಡಿಸುವುದು ಎಂದು ಅವರೇ ತೀರ್ಮಾನಿಸಿದರು. ನನಗೆ ಸಿಟ್ಟು ಬಂತು. ಏನೂ ಕಾಣದಿದ್ದರೆ ಎಂದು ಕೇಳಿದೆ. "ಕಾಣದಿದ್ರೆ ನನಗೆ ಬೈ. ಬೈಸಿಕೊಂಡು ಸಂತೋಷದಲ್ಲಿ ಮನೆಗೆ ಹೋಗ್ತೇನೆ" ಎಂದರು.

ಪುತ್ತೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೈಯ ನರದ ಮೂಲಕ ಬಣ್ಣದ ಔಷಧಿ ಬಿಟ್ಟಾಗ ಮೈಯೆಲ್ಲ ಬಿಸಿಯಾಯಿತು. ಅರ್ಧ ಗಂಟೆಯ ನಂತರ ಅಲ್ಲಿನ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು ಪರದೆಯಲ್ಲಿ ತೋರಿಸಿದರು. ಹೊಟ್ಟೆಯ ಎಡಗಡೆ, ಪಕ್ಕೆಲುಬಿನಡಿ ಗುಲ್ಮ, ಇಂಗ್ಲಿಷಿನಲ್ಲಿ ಸ್ಪ್ಲೀನ್. ಅದಕ್ಕೆ ರಕ್ತ ಒಯ್ಯುವ ನಾಳ ಹಾವಿನ ಹಾಗೆ ಅಂಕುಡೊಂಕಾಗಿ ಹೋಗುತ್ತದೆ. ನನ್ನ ಆ ನಾಳದ ಗೋಡೆ ಒಂದು ಕಡೆ ತೆಳುವಾಗಿ ಉಬ್ಬಿತ್ತು. ಅನ್ಯೂರಿಸಂ ಎಂದರು. ಉಬ್ಬಿನ ಸುತ್ತ ಸುಣ್ಣ ಕಟ್ಟಿದ್ದರಿಂದ ಎಕ್ಸ್‌ರೇಯಲ್ಲಿ ಉಂಗುರದ ಹಾಗೆ ಕಂಡಿದೆ. ಅಳತೆ ಮೂರು ಸೆಂಟಿಮೀಟರಿಗೆ ತುಸು ಕಡಿಮೆ.

"ಹೆಚ್ಚಿನವರಿಗೆ ಗೊತ್ತೇ ಆಗುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡುವಾಗ ಸಿಕ್ತದೆ" ಎಂದರು ಆಕೆ. "ಎರಡು ಸೆಂಟಿಮೀಟರ್ ದಾಟಿದ್ರೆ ನಾವು ಕಾಯುದಿಲ್ಲ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಅದಕ್ಕಿಂತ ಸಣ್ಣದಿದ್ರೂ ಕಾಯುದಿಲ್ಲ. ಬಸುರಿನಲ್ಲಿ ಒಡೆದ್ರೆ ತಾಯಿ, ಮಗು ಇಬ್ಬರನ್ನೂ ಉಳಿಸುದು ಬಹಳ ಕಷ್ಟ. ಯಾರು ಮೊದಲು ನೋಡಿದ್ದು ಇದನ್ನು?"

ಅಮ್ಮ ಅಕ್ಕನ ಕಡೆ ಕೈ ತೋರಿಸಿದರು. ಅವರು ಆಗ ಪರದೆಯ ನಾಲ್ಕು ಮೂಲೆಗಳನ್ನು ನೋಡುತ್ತಿದ್ದರು. ಇನ್ನೇನಾದರೂ ಇದೆಯೋ ಎಂದು.

ಹೊರಗೆ ಬೆಂಚಿನಲ್ಲಿ ಕುಳಿತಾಗ ಅಮ್ಮ ಅತ್ತರು. ಅತ್ತು ಮುಗಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಕ್ಕನ ಕೈ ಹಿಡಿದರು. "ಇದು ಯಾರಿಗೂ ಗೊತ್ತಾಗ್ಬಾರ್ದು. ಮದುವೆ ಆಗದ ಹುಡುಗಿ. ಬಸುರಿನಲ್ಲಿ ಹೀಗೆ ಅಂತ ಒಬ್ಬರ ಬಾಯಿಗೆ ಬಿದ್ರೆ ಸಾಕು."

"ಕದ್ದು ತಂದದ್ದಾ ಇದು, ಮುಚ್ಚಿಡ್ಲಿಕ್ಕೆ?" ಎಂದು ಅಕ್ಕ ಜೋರಾಗಿಯೇ ಹೇಳಿದರು. "ಕಣ್ಣಿಗೆ ಪೊರೆ ಬಂದ್ರೆ ಹೇಳ್ತಾರೆ, ಕಾಲು ಮುರಿದ್ರೆ ಹೇಳ್ತಾರೆ. ಹೆಣ್ಣಿನ ಹೊಟ್ಟೆಯೊಳಗೆ ಆದದ್ದು ಮಾತ್ರ ಹೇಳ್ಬಾರ್ದಾ?"

ಆಗ ನಾನು ಮಾತಾಡಿದೆ. "ನನಗೂ ಯಾರಿಗೂ ಗೊತ್ತಾಗುವುದು ಬೇಡ. ನೀವು ಮಾತು ಕೊಡಬೇಕು" ಎಂದೆ. ಎರಡು ದಿನದ ಹಿಂದೆ ಅವರ ಹೆಸರಿಗೆ ಮಸಿ ಬಳಿದು ಓಡಿಬಂದವಳು, ಅವರಿಂದ ಮಾತು ಕೇಳುತ್ತಿದ್ದೆ.

ಅವರು ಅಮ್ಮನ ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿದರು. "ಮೈ ನಿನ್ನದು. ಹೇಳುವ ಅಧಿಕಾರ ನಿನ್ನದೇ. ನಾನು ಹೇಳುದಿಲ್ಲ" ಎಂದರು.

ಮಂಗಳೂರಿನಲ್ಲಿ ಚಿಕಿತ್ಸೆ ಆಯಿತು. ಹೊಟ್ಟೆ ಕೊಯ್ಯಲಿಲ್ಲ. ತೊಡೆಯ ಸಂದಿಯಲ್ಲಿ ಸೂಜಿ ಚುಚ್ಚಿ, ರಕ್ತನಾಳದೊಳಗೆ ಸಪೂರದ ನಳಿಗೆಯನ್ನು ತೂರಿಸಿ, ಆ ಉಬ್ಬಿನವರೆಗೆ ಕೊಂಡೊಯ್ದರು. ನನಗೆ ಎಚ್ಚರವಿತ್ತು. ಕೂದಲಿನಂಥ ಲೋಹದ ಎಳೆಯ ಸುರುಳಿಗಳನ್ನು ಉಬ್ಬಿನ ಆಚೆಗೂ ಈಚೆಗೂ ಇಟ್ಟು ನಾಳವನ್ನು ಮುಚ್ಚಿದರು. ಹೊಟ್ಟೆಯ ಕಡೆಯಿಂದ ಬರುವ ಸಣ್ಣ ನಾಳಗಳಿಂದ ಗುಲ್ಮಕ್ಕೆ ರಕ್ತ ಸಿಗುತ್ತದೆ, ಆದರೂ ಅದರ ಒಂದು ಭಾಗ ಸಾಯಬಹುದು ಎಂದು ಮೊದಲೇ ಹೇಳಿ ಸೋಂಕು ತಡೆಯುವ ಲಸಿಕೆಗಳನ್ನು ಕೊಟ್ಟಿದ್ದರು. ನಾಲ್ಕು ದಿನ ಜ್ವರ, ಎಡಗಡೆ ಬೆಂಕಿಯಂಥ ನೋವು. ಐದನೆಯ ದಿನ ಅಕ್ಕ ಬಂದರು. "ಇಷ್ಟು ವರ್ಷ ಎಲ್ಲರ ಮೈಯಿಂದ ಲೋಹ ತೆಗೆಸಿದೆ. ಈಗ ನನ್ನಿಂದ ತೆಗೆಸ್ಲಿಕ್ಕೆ ಆಗದ್ದನ್ನು ಹಾಕಿಸಿಕೊಂಡಿದ್ದೀಯಲ್ಲ" ಎಂದು ನಕ್ಕರು.

ಕಾಲೇಜಿಗೆ ಅನಾರೋಗ್ಯ ಎಂದಷ್ಟೇ ಬರೆದು ಮೂರು ವಾರ ತಡವಾಗಿ ಸೇರಿದೆ. ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಉಬ್ಬು ಪೂರ್ತಿ ಮುಚ್ಚಿತ್ತು. ಆ ಹೊತ್ತಿಗೆ ಅವರೂ ಸುಳ್ಯಕ್ಕೆ ಬಂದಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಸಣ್ಣ ಎಕ್ಸ್‌ರೇ ಅಂಗಡಿಯಲ್ಲಿ ಕೆಲಸ. "ಕಡಬದ್ದು ಬಿಟ್ಟೆ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಕೇಳದಿರುವುದು ನನಗೆ ಅನುಕೂಲವಾಗಿತ್ತು.

ಮೂರು ವರ್ಷ, ವಾರಕ್ಕೆ ಎರಡು ದಿನವಾದರೂ, ನನ್ನ ಊಟದ ಡಬ್ಬಿ ಅವರ ಕೋಣೆಯಲ್ಲೇ ತೆರೆಯುತ್ತಿತ್ತು. ಅವರದ್ದು ಕಲ್ಲುಗುಂಡಿಯ ಅರೆಭಾಷೆಯ ಮನೆ. ಫೋನಿನಲ್ಲಿ ತಮ್ಮನ ಹತ್ತಿರ ಅರೆಭಾಷೆಯಲ್ಲಿ ಗದರಿಸಿ, ಫೋನಿಟ್ಟು ನನ್ನ ಹತ್ತಿರ ಕನ್ನಡದಲ್ಲಿ ಗದರಿಸುತ್ತಿದ್ದರು. ಕುಚ್ಚಲಕ್ಕಿ ಗಂಜಿ, ನೆಲ್ಲಿಕಾಯಿ ಉಪ್ಪಿನಕಾಯಿ, ಅದರ ಮೇಲೆ ಒಂದು ಲೋಟ ಬಿಸಿ ನೀರು. ಊಟದ ನಡುವೆ ರೋಗಿ ಬಂದರೆ ಕೈ ತೊಳೆದು ಏಳುತ್ತಿದ್ದರು. ಫೋಟೋ ಪರದೆಗೆ ಬಂದ ಕೂಡಲೇ ಮೊದಲು ಮೂಲೆಗಳನ್ನು ನೋಡುತ್ತಿದ್ದರು. ಮೇಲಿನ ಎಡ, ಮೇಲಿನ ಬಲ, ಕೆಳಗಿನ ಬಲ, ಕೆಳಗಿನ ಎಡ. ಕೊನೆಗೆ ನಡುವಿಗೆ ಬರುತ್ತಿದ್ದರು. "ಡಾಕ್ಟ್ರು ಕೇಳಿದ್ದು ನಡುವಿನಲ್ಲಿ ಇರ್ತದೆ. ಯಾರೂ ಕೇಳದ್ದು ಬದಿಯಲ್ಲಿ ಇರ್ತದೆ" ಎನ್ನುತ್ತಿದ್ದರು. ಎಷ್ಟೋ ಸಲ ಬದಿಯಲ್ಲಿ ಏನೂ ಇರುತ್ತಿರಲಿಲ್ಲ. ಹೋದ ವರ್ಷ ಒಂದು ಮಗುವಿನ ಹೆಗಲಿನ ಫೋಟೋದ ಬದಿಯಲ್ಲಿ ಪಕ್ಕೆಲುಬಿನ ಹಳೆಯ ಮುರಿತ ಕಂಡು, ಆ ಮಗುವಿನ ಅಪ್ಪನನ್ನು ಅಂಗಡಿಯ ಎದುರೇ ನಿಲ್ಲಿಸಿ ಕೇಳಿದ್ದರು. ಅಂಗಡಿಯ ಯಜಮಾನರು ನಿಮಗೆ ಯಾಕೆ ಊರ ಉಸಾಬರಿ ಎಂದಾಗ, "ಕಂಡದ್ದನ್ನು ಕಾಣಲಿಲ್ಲ ಅಂತ ಹೇಳ್ಲಿಕ್ಕೆ ನನಗೆ ಸಂಬಳ ಸಾಕಾಗುದಿಲ್ಲ" ಎಂದು ಹೇಳಿ ಮುಂದಿನವರನ್ನು ಕರೆದಿದ್ದರು.

ನನ್ನ ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ನಾನೇ ಬೇಡವೆಂದೆ. ಆ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ.

ಈ ಸಲ ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ, ಒಂದು ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಕಲ್ಲುಗುಂಡಿಯ ಬಸ್ಸಿನಲ್ಲೇ ಕುಸಿದರು. ಹೃದಯಾಘಾತ. ನಾನು ಹೋಗುವಾಗ ತಮ್ಮನ ಮನೆಯ ಅಂಗಳದಲ್ಲಿ ಮಲಗಿಸಿದ್ದರು. ಕಿವಿಗೆ ಯಾರೋ ಚಿನ್ನದ ಓಲೆ ಹಾಕಿದ್ದರು. ಅವರ ಮುಖ ನನಗೆ ಗುರುತು ಸಿಗದ ಹಾಗೆ ಕಂಡಿತು.

ಕಡಬದ ಆಸ್ಪತ್ರೆಯ ಆಯಾ ಬಂದಿದ್ದರು. ಹೆಂಗಸರು ಕುಳಿತ ಕಡೆ, ನನ್ನ ಪಕ್ಕದಲ್ಲಿ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ಅಲ್ಲಿ ಹತ್ತೊಂಬತ್ತು ವರ್ಷ ದುಡಿದ್ರು" ಎಂದರು ಆಯಾ. "ಒಂದು ನೂಲಿನ ವಿಷಯದಲ್ಲಿ ಹೋಯ್ತು ನೋಡಿ. ಯಾವುದೋ ಒಂದು ಹುಡುಗಿ, ನೂಲು ಇತ್ತು ಅಂತ ಡಾಕ್ಟ್ರ ಹತ್ತಿರ ಹೇಳಿದ್ಲಂತೆ. ಆಸ್ಪತ್ರೆಯವರು ಅದನ್ನೇ ಹಿಡ್ಕೊಂಡ್ರು. ಡಾಕ್ಟ್ರಿಗೆ ಎದುರು ಮಾತಾಡಿದ್ದು, ಕೇಳದೆ ಸಿ.ಡಿ. ತಕ್ಕೊಂಡು ಹೋದದ್ದು, ಎಲ್ಲ ಸೇರಿಸಿ ತಪ್ಪಾಯ್ತು ಅಂತ ಬರೆದು ತಂದ್ರು. ಸಹಿ ಹಾಕಿ, ಕೆಲಸ ಉಳೀತದೆ ಅಂದ್ರು."

"ಹಾಕಲಿಲ್ಲವೇ?"

"ಇಲ್ಲಪ್ಪ. ನಾನು ತೆಗೆಸಿದ್ದೇನೆ ಅಂತ ಒಂದೇ ಮಾತು. ಹಾಗಾದ್ರೆ ಫೋಟೋದಲ್ಲಿ ಇದ್ದದ್ದು ಎಂತ ಅಂತ ಕೇಳಿದ್ರು. ಗೊತ್ತುಂಟು, ಹೇಳುವ ಅಧಿಕಾರ ನನಗಿಲ್ಲ ಅಂದ್ರು. ಯಾರಾದ್ರೂ ನಂಬ್ತಾರಾ ಹೇಳಿ? ಈಗಲೂ ಹೊಸಬರು ಯಾರಾದ್ರೂ ಕೆಲಸಕ್ಕೆ ಸೇರಿದ್ರೆ, ಆ ಎಕ್ಸ್‌ರೇ ಅಕ್ಕನ ಹಾಗೆ ನೂಲು ತೆಗೆಸದೆ ಫೋಟೋ ತೆಗೀಬೇಡಿ ಅಂತಲೇ ಹೇಳಿ ಕೊಡುದು."

ನಾನು ಎದ್ದು ಅಂಗಳದ ಬದಿಗೆ ಹೋಗಿ ನಿಂತೆ. ಪುತ್ತೂರಿನ ವರದಿಯ ಒಂದು ಹಾಳೆಯನ್ನು ತೋರಿಸಿದ್ದರೆ ಸಾಕಿತ್ತು. ಅದರ ಪ್ರತಿ ಅವರ ಹತ್ತಿರ ಇತ್ತು. ಮೂರು ವರ್ಷ ನನ್ನ ಎದುರು ಕುಳಿತು ಗಂಜಿ ಉಂಡವರು, ಆ ಹಾಳೆಯನ್ನು ಯಾರಿಗೂ ತೋರಿಸಿರಲಿಲ್ಲ, ತೋರಿಸಲಿಲ್ಲ ಎಂದು ನನಗೆ ಹೇಳಿರಲೂ ಇಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ, ಒಂದು ಪುಟ ಬರೆದೆ. ಅಮ್ಮನಿಗೆ ಓದಿ ಹೇಳಿದೆ. ಅಮ್ಮ, "ಇನ್ನು ಯಾಕೆ ಅದು? ಅವರೇ ಹೋದ್ರಲ್ಲ" ಎಂದರು. ನಾನು ಚಪ್ಪಲಿ ಮೆಟ್ಟಿ ಹೊರಟೆ. ಕಡಬದ ಆಸ್ಪತ್ರೆಯ ಹಜಾರದಲ್ಲಿ ಮೂವತ್ತು ಜನವಾದರೂ ಕುಳಿತಿದ್ದರು. ಟೋಕನ್ ಕೊಡುವಾತನಿಗೆ ನನ್ನ ಕೆಲಸ ಹೇಳಿದೆ. ಆತ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ.

"ಒಳಗೆ ಬನ್ನಿ ಮೇಡಂ, ಕೂತು ಮಾತಾಡುವ" ಎಂದರು ಮ್ಯಾನೇಜರು.

"ಬೇಡ. ಇಲ್ಲಿಯೇ" ಎಂದೆ.

"ಇಲ್ಲಿ ಎಲ್ಲರೂ ಇದ್ದಾರೆ."

"ಗೊತ್ತು."

ಡಾಕ್ಟರು ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು. ನನ್ನ ಗುರುತು ಸಿಕ್ಕಿತೋ ಇಲ್ಲವೋ. ಜನ ಮೊಬೈಲಿನಿಂದ ತಲೆಯೆತ್ತಿದರು. ನನ್ನ ಹೆಸರು ಹೇಳಿದೆ, ಊರು ಹೇಳಿದೆ. ನನ್ನ ಗುಲ್ಮದ ರಕ್ತನಾಳದಲ್ಲಿ ಏನಿತ್ತು, ಅದನ್ನು ಮೊದಲು ಕಂಡವರು ಯಾರು, ನೂಲಿನ ಬಗ್ಗೆ ಆ ದಿನ ಸುಳ್ಳು ಹೇಳಿದವಳು ಯಾರು ಎಂಬುದನ್ನೆಲ್ಲ ನಿಂತುಕೊಂಡು, ಕೊನೆಯ ಸಾಲಿನಲ್ಲಿದ್ದವರಿಗೂ ಕೇಳುವ ಹಾಗೆ, ಓದಿದೆ.